ಹೊರಗಿನ ಓಡಾಟ, ಒಳಗಿನ ಕೈಕೆಲಸ: ಮನೆಯಲ್ಲೇ ಮಕ್ಕಳಿಗೆ ಕಲಿಸುವವರ ಒಂದು ದಿನಕ್ಕೆ ಸಮಗ್ರ ಮಾರ್ಗದರ್ಶಿ

ಮಕ್ಕಳಿಗೆ ಮನೆಯಲ್ಲೇ ಕಲಿಸುವ ಅಪ್ಪ ಅಮ್ಮಂದಿರು ನಾಲ್ಕು ಜನ ಸೇರಿದರೆ ತಪ್ಪದೆ ಕೇಳಿಬರುವ ಮಾತೊಂದಿದೆ: "ಅಂಚೆ ಕಚೇರಿ, ಲೈಬ್ರರಿ, ಸಾಮಾನು ಅಂತ ಓಡಾಟದಲ್ಲೇ ದಿನ ಹೋಯ್ತು, ಪಾಠವೇ ಆಗಲಿಲ್ಲ." ಮೇಜಿನ ಮುಂದೆ ಕೂತು ಬರೆದರೆ ಮಾತ್ರ ಕಲಿಕೆ, ಉಳಿದದ್ದೆಲ್ಲ ದಂಡ ಎನ್ನುವ ಅಳುಕು ಈ ಮಾತಿನಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಹಾಗಂತ "ಬದುಕೇ ಪಾಠಶಾಲೆ, ಜೊತೆಗೆ ಕರೆದುಕೊಂಡು ಹೋದರೆ ಸಾಕು" ಎನ್ನುವವರ ಮಾತನ್ನೂ ಒಪ್ಪುವುದಿಲ್ಲ. ಕೈ ಹಿಡಿದು ಎಳೆದುಕೊಂಡು ಹೋದ ಮಗುವಿಗೆ ಮೂರು ಗಂಟೆಯ ಬೇಸರ ಬಿಟ್ಟು ಇನ್ನೇನೂ ದಕ್ಕುವುದಿಲ್ಲ.

ನಾನು ನೆಚ್ಚಿಕೊಂಡಿರುವ ಕ್ರಮ ಸರಳವಾಗಿದೆ. ಹೊರಗಿನ ಪ್ರತಿ ಕೆಲಸದಲ್ಲೂ ಮಗುವಿಗೊಂದು ನಿಜವಾದ ಜವಾಬ್ದಾರಿ ಇರಬೇಕು. ಇಡೀ ಓಡಾಟಕ್ಕೆ ಒಂದೇ ಒಂದು ಪ್ರಶ್ನೆ ಇರಬೇಕು. ಮಧ್ಯಾಹ್ನ ಮನೆಯಲ್ಲಿ ಕೈಯಾರೆ ಒಂದು ವಸ್ತು ಮಾಡಬೇಕು, ಮತ್ತು ಆ ವಸ್ತು ಮುಂದಿನ ಸಲ ಹೊರಗೆ ಹೋದಾಗ ಬಳಕೆಗೆ ಬರಬೇಕು. ಹೀಗಾದಾಗ ಓಡಾಟವೂ ಕೈಕೆಲಸವೂ ಒಂದಕ್ಕೊಂದು ಆಸರೆಯಾಗುತ್ತವೆ. ಕಾಗದವನ್ನೇ ಎಳೆಯಾಗಿ ಹಿಡಿದು ಅಂಥ ಒಂದು ದಿನವನ್ನು ಬಿಡಿಸಿ ಹೇಳುತ್ತೇನೆ.

ಹಿಂದಿನ ರಾತ್ರಿ: ಪಟ್ಟಿ, ದಾರಿ, ನೆನೆಸಿಟ್ಟ ಕಾಗದ

ದಿನ ಚೆನ್ನಾಗಿ ನಡೆಯುವುದೋ ಇಲ್ಲವೋ ಎನ್ನುವುದು ಹಿಂದಿನ ರಾತ್ರಿಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಕೆಲಸಗಳ ಪಟ್ಟಿ ಮಾಡಿ, ಮೂರಕ್ಕೆ ನಿಲ್ಲಿಸಿ. ನಾಲ್ಕನೆಯದು ಎಷ್ಟೇ ಹತ್ತಿರದಲ್ಲಿರಲಿ, ಇನ್ನೊಂದು ದಿನಕ್ಕೆ ಬಿಡಿ. ಬರೆಯಲು ಬರುವ ಮಗುವೇ ಪಟ್ಟಿ ಬರೆಯಲಿ. ಕಾಗುಣಿತ ತಪ್ಪಿದ್ದರೆ ಅಂಗಡಿಯಲ್ಲಿ ಓದುವಾಗ ಅದಕ್ಕೇ ಗೊತ್ತಾಗುತ್ತದೆ, ಈಗಲೇ ತಿದ್ದುವುದು ಬೇಡ.

ಆಮೇಲೆ ದಾರಿಯ ಲೆಕ್ಕ. ಮನೆಯಿಂದ ಹೊರಟು ಮೂರು ಜಾಗಕ್ಕೆ ಹೋಗಿ ಮನೆಗೆ ಮರಳಲು ಎಷ್ಟು ಬೇರೆ ಬೇರೆ ಕ್ರಮಗಳಿವೆ ಎಂದು ಮಗು ಚುಕ್ಕಿ ಇಟ್ಟು ಗೆರೆ ಎಳೆದು ಹುಡುಕಲಿ. ಮೂರು ಜಾಗಕ್ಕೆ 6 ಕ್ರಮ. ನಾಲ್ಕಾದರೆ 24, ಐದಾದರೆ 120. ಹತ್ತು ಜಾಗ ಎಂದರೆ 36,28,800. ಜಾಗಗಳು ಹೆಚ್ಚಾದಂತೆ ಎಲ್ಲಕ್ಕಿಂತ ಚಿಕ್ಕ ದಾರಿ ಹುಡುಕುವುದು ಕಂಪ್ಯೂಟರಿಗೂ ಕಷ್ಟವಾಗುವ ಈ ಲೆಕ್ಕಕ್ಕೆ ಟ್ರಾವೆಲಿಂಗ್ ಸೇಲ್ಸ್‌ಮನ್ ಪ್ರಾಬ್ಲಂ ಎನ್ನುತ್ತಾರೆ. ಇಷ್ಟಾದ ಮೇಲೆ "ಚಿಕ್ಕ ದಾರಿಯಲ್ಲೇ ಹೋಗೋಣವಾ?" ಎಂದು ಕೇಳಿ. ಕೆಡುವ ಸಾಮಾನು ಮತ್ತು ಭಾರದ ಸಾಮಾನು ಕೊನೆಗೆ ಬರಬೇಕು, ಅಂಚೆ ಕಚೇರಿಯ ಕೌಂಟರ್ ಇಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದೆಲ್ಲ ಸೇರಿದಾಗ ಉತ್ತರ ಬದಲಾಗುತ್ತದೆ. ಲೆಕ್ಕದ ಉತ್ತರಕ್ಕೂ ನಡೆಯುವ ದಾರಿಗೂ ಇರುವ ಈ ಅಂತರ ಮಗುವಿಗೆ ಕಾಣಬೇಕಾದದ್ದೇ.

ಕೊನೆಯದಾಗಿ, ಮರುದಿನ ಮಧ್ಯಾಹ್ನ ಹೊಸ ಕಾಗದ ಮಾಡಲೆಂದು, ಎರಡೂ ಬದಿ ಬರೆದು ಮುಗಿದ ಐದಾರು ಹಾಳೆಗಳನ್ನು ಉಗುರಿನಷ್ಟು ಚೂರುಗಳಾಗಿ ಹರಿದು ಬಕೆಟ್ ನೀರಿನಲ್ಲಿ ನೆನೆಹಾಕಿ. ಹರಿಯುವ ಕೆಲಸವನ್ನು ಮೂರು ವರ್ಷದ ಮಗುವೂ ಮನಸಾರೆ ಮಾಡುತ್ತದೆ. ಅಂಗಡಿಯ ಬಿಲ್ಲುಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ. ಅವು ಸಾಮಾನ್ಯವಾಗಿ ಥರ್ಮಲ್ ಕಾಗದದವು. ಶಾಯಿ ಇಲ್ಲದೆ, ಬಿಸಿ ತಾಗಿದ ಕಡೆ ಕಪ್ಪಾಗುವ ರಾಸಾಯನಿಕದ ಲೇಪ ಅವುಗಳ ಮೇಲಿರುತ್ತದೆ. ಆ ಲೇಪದಲ್ಲಿ ಹಲವು ಸಲ, ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಿಯಾಗಬಲ್ಲ ಬಿಸ್ಫಿನಾಲ್ ವರ್ಗದ ವಸ್ತುಗಳಿರುವುದರಿಂದ ಮಕ್ಕಳ ಒದ್ದೆ ಕೈಗೆ ಅದು ಬೇಡ.

ಚೀಲದೊಳಗೆ: ಒಂದೇ ಹಾಳೆಯ ಎಂಟು ಪುಟದ ಪುಸ್ತಕ

ನೀರಿನ ಬಾಟಲಿ, ತಿನ್ನಲು ಏನಾದರೂ, ಎರಡು ಪೆನ್ಸಿಲ್, ಒಂದು ಬಟ್ಟೆ. ಇವುಗಳ ಜೊತೆ ಪ್ರತಿ ಮಗುವಿಗೂ ಅಂದಿನ ಓಡಾಟದ್ದೇ ಒಂದು ಪುಟ್ಟ ಪುಸ್ತಕ. ದಪ್ಪ ನೋಟ್‌ಬುಕ್ಕಿಗಿಂತ ಇದು ಮೇಲು: ಎಂಟೇ ಪುಟ, ಹಾಗಾಗಿ ತುಂಬಿಸಬೇಕೆಂಬ ಒತ್ತಡವಿಲ್ಲ, ದಿನ ಮುಗಿದಾಗ ಪುಸ್ತಕವೂ ಮುಗಿದಿರುತ್ತದೆ.

ಮಾಡುವ ರೀತಿ: ಎ4 ಹಾಳೆಯ ಗಿಡ್ಡ ಅಂಚುಗಳನ್ನು ಕೂಡಿಸಿ ಅರ್ಧಕ್ಕೆ ಮಡಿಸಿ. ಇನ್ನೊಮ್ಮೆ, ಮತ್ತೊಮ್ಮೆ ಅರ್ಧಕ್ಕೆ ಮಡಿಸಿ ಪೂರ್ತಿ ಬಿಚ್ಚಿದರೆ ಎಂಟು ಮನೆಗಳು ಮೂಡಿರುತ್ತವೆ. ಮತ್ತೆ ಗಿಡ್ಡ ಅಂಚುಗಳನ್ನು ಕೂಡಿಸಿ ಒಂದೇ ಮಡಿಕೆ ಹಾಕಿ, ಮಡಿಕೆಯ ಅಂಚಿನಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಉದ್ದಕ್ಕೆ ಕತ್ತರಿಸಿ. ಹಾಳೆ ಬಿಚ್ಚಿದರೆ ನಡುವೆ ಎರಡು ಮನೆ ಉದ್ದದ ಸೀಳು ಕಾಣುತ್ತದೆ. ಈಗ ಉದ್ದದ ಅಂಚುಗಳನ್ನು ಕೂಡಿಸಿ ಮಡಿಸಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆದು, ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆಯಂತೆ ಕಾಣುತ್ತದೆ. ಪುಟಗಳನ್ನು ಒಂದೇ ಕಡೆಗೆ ಸುತ್ತಿ ಒತ್ತಿದರೆ ಪುಸ್ತಕ ಸಿದ್ಧ.

ಪುಟದ ಅಳತೆ ಸುಮಾರು 74 ಮತ್ತು 105 ಮಿಲಿಮೀಟರ್, ಅಂದರೆ ಎ7. ಎ ಸರಣಿಯ ಹಾಳೆಯನ್ನು ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲದ ಅನುಪಾತ ಬದಲಾಗುವುದಿಲ್ಲ, ಏಕೆಂದರೆ ಆ ಅನುಪಾತ 2ರ ವರ್ಗಮೂಲ, ಸುಮಾರು 1.414. ಜರ್ಮನಿಯಲ್ಲಿ 1922ರಲ್ಲಿ ಗೊತ್ತುಪಡಿಸಿದ ಈ ಅಳತೆ ಈಗ ಅಂತರರಾಷ್ಟ್ರೀಯ ಮಾನಕ. ದೊಡ್ಡ ಹಾಳೆ ಎ0 ಹೆಚ್ಚುಕಡಿಮೆ 1 ಚದರ ಮೀಟರ್. ಅದರ ಹದಿನಾರನೇ ಒಂದು ಭಾಗ ಎ4. ಇದನ್ನು ನೆನಪಿಡಿ, ಅಂಚೆ ಕಚೇರಿಯಲ್ಲಿ ಬೇಕಾಗುತ್ತದೆ.

ಹೊರಡುವ ಮುಂಚೆ

ಓದು ಮತ್ತು ಗಣಿತದ ದಿನದ ಪಾಲನ್ನು ಹೊರಡುವ ಮುಂಚೆಯೇ ಮುಗಿಸಿ. ಚಿಕ್ಕವರಿಗೆ ಒಂದೊಂದಕ್ಕೂ ಹದಿನೈದು ಇಪ್ಪತ್ತು ನಿಮಿಷ ಸಾಕು. "ಬಂದ ಮೇಲೆ ಮಾಡೋಣ" ಎಂದರೆ ದಣಿದ ಮಗುವಿನ ಮುಂದೆ ಪುಸ್ತಕ ಹಿಡಿದು ಕೂರಬೇಕಾಗುತ್ತದೆ, ಅದು ಇಬ್ಬರಿಗೂ ಒಳ್ಳೆಯದಲ್ಲ.

ಇನ್ನೊಂದು ಸಿದ್ಧತೆ ಬೇಕು. ಶಾಲೆಯ ಹೊತ್ತಿನಲ್ಲಿ ಮಕ್ಕಳು ಹೊರಗೆ ಕಂಡರೆ ಯಾರಾದರೂ "ಇವತ್ತು ಶಾಲೆ ಇಲ್ವಾ ಪುಟ್ಟ?" ಎಂದು ಕೇಳಿಯೇ ಕೇಳುತ್ತಾರೆ. ಹೆಚ್ಚಿನವರು ಪ್ರೀತಿಯಿಂದಲೇ ಕೇಳುವುದು. ಉತ್ತರ ಗೊತ್ತಿಲ್ಲದ ಮಗು ಅಮ್ಮನ ಮುಖ ನೋಡುತ್ತದೆ, ತಾನೇನೋ ತಪ್ಪು ಮಾಡಿದ್ದೇನೆ ಅಂದುಕೊಳ್ಳುತ್ತದೆ. "ನಾನು ಮನೆಯಲ್ಲೇ ಕಲೀತೀನಿ, ಇವತ್ತು ಕಾಗದ ಪೋಸ್ಟ್ ಮಾಡೋಕೆ ಬಂದಿದೀವಿ" ಎಂಬ ಒಂದು ವಾಕ್ಯ ಬಾಯಲ್ಲಿದ್ದರೆ ಆ ಮುಜುಗರ ಇರುವುದಿಲ್ಲ. ಅಷ್ಟಕ್ಕೇ ನಿಲ್ಲಿಸಲಿ, ವಾದ ಮಾಡುವುದು ದೊಡ್ಡವರ ಪಾಲಿನ ಕೆಲಸ, ಅದೂ ಬೇಕಾದರೆ ಮಾತ್ರ.

ಮುಂದೆ ಮೂರು ಜಾಗಕ್ಕೂ ಒಂದೊಂದು ಪ್ರಶ್ನೆ ಕೊಟ್ಟಿದ್ದೇನೆ. ಒಂದು ದಿನಕ್ಕೆ ಒಂದನ್ನೇ ಆರಿಸಿ. ಕಣ್ಣಿಗೆ ಬಿದ್ದದ್ದಕ್ಕೆಲ್ಲ "ಇದೇನು ಹೇಳು, ಎಷ್ಟಾಯ್ತು ಹೇಳು" ಎಂದು ಕೇಳುತ್ತಾ ಹೋಗುವುದು ಓಡಾಟವನ್ನು ಕೆಡಿಸುವ ನೇರ ದಾರಿ. ಉಳಿದ ಎರಡು ಕಡೆ ಮಗುವಿಗೆ ಜವಾಬ್ದಾರಿ ಮಾತ್ರ ಇರಲಿ, ಪರೀಕ್ಷೆ ಬೇಡ.

ಅಂಚೆ ಕಚೇರಿ: ಈ ಕಾಗದ ಎಷ್ಟು ತೂಗುತ್ತದೆ?

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಇಷ್ಟು ಚಿಕ್ಕ ಕೆಲಸದಲ್ಲಿ ಇಷ್ಟು ಗಣಿತ ಸಿಗುವ ಜಾಗ ಬೇರೆ ಕಡಿಮೆ.

ಮುದ್ರಣಕ್ಕೆ ಬಳಸುವ ಸಾಮಾನ್ಯ ಹಾಳೆಯ ಪೊಟ್ಟಣದ ಮೇಲೆ 80 ಜಿಎಸ್‌ಎಂ ಎಂದಿರುತ್ತದೆ. ಒಂದು ಚದರ ಮೀಟರಿಗೆ 80 ಗ್ರಾಂ ಎಂದರ್ಥ. ಎ4 ಅದರ ಹದಿನಾರನೇ ಒಂದು ಭಾಗವಾದ್ದರಿಂದ ಒಂದು ಹಾಳೆ 5 ಗ್ರಾಂ. ಪೋಸ್ಟ್ ಮಾಡಲು ಮಗು ಬರೆದ ಕಾಗದ ಎರಡು ಹಾಳೆ, ಇನ್ನೊಂದು ಎ4 ಹಾಳೆ ಮಡಿಸಿ ಅಂಟಿಸಿದ ಲಕೋಟೆ; ಒಟ್ಟು 15 ಗ್ರಾಂ, ಮೇಲೆ ಅಂಟಿನ ತೂಕ. ಈ ಊಹೆಯನ್ನು ಮಗು ತನ್ನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು ಸರದಿಯಲ್ಲಿ ನಿಲ್ಲಲಿ.

ಕೌಂಟರಿನಲ್ಲಿ ಲಕೋಟೆ ಕೊಡುವುದು, "ದಯವಿಟ್ಟು ತೂಕ ಎಷ್ಟು ಬಂತು ಅಂತ ಹೇಳ್ತೀರಾ?" ಎಂದು ಕೇಳುವುದು ಮಗುವಿನ ಕೆಲಸ. ನೀವು ಒಂದು ಹೆಜ್ಜೆ ಹಿಂದೆ ನಿಲ್ಲಿ. ತಕ್ಕಡಿಯ ಅಂಕಿ ಮಿನುಗಿ ನಿಂತ ಗಳಿಗೆಯಲ್ಲಿ ಮಗುವಿನ ಮುಖ ನೋಡಬೇಕು.

"ಅಮ್ಮ, 16 ಬಂತು! ಒಂದು ಗ್ರಾಂ ಎಲ್ಲಿಂದ ಬಂತು?"

"ನೀನೇ ಯೋಚನೆ ಮಾಡು. ಲಕೋಟೆಗೆ ಏನೇನು ಹಾಕಿದ್ದೆ?"

"ಅಂಟು... ಮತ್ತೆ ಎಲೆ ಅಂಟಿಸಿದ್ನಲ್ಲ!"

ಹಲವು ದೇಶಗಳಲ್ಲಿ ಕಾಗದದ ಮೊದಲ ದರದ ಮಿತಿ 20 ಗ್ರಾಂ. ಹಾಗಾದರೆ ಅದೇ ದರದಲ್ಲಿ ಇನ್ನೂ ಎಷ್ಟು ಬರೆಯಬಹುದಿತ್ತು? ಈ ಪ್ರಶ್ನೆ ಹೆಚ್ಚಾಗಿ ಮಗುವಿನಿಂದಲೇ ಬರುತ್ತದೆ, ನೀವು ಕೇಳಬೇಕಾಗಿಲ್ಲ.

ಆಸಕ್ತಿ ಇದ್ದರೆ ವಾಪಸ್ ಬರುವಾಗ ಅಂಚೆಚೀಟಿಯ ಕಥೆ ಹೇಳಿ. 1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಅಂಚೆಯ ಹಣವನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡುತ್ತಿದ್ದರು, ಅದೂ ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ. ಅಂಚೆ ಸುಧಾರಣೆಗೆ ದುಡಿದ ರೋಲೆಂಡ್ ಹಿಲ್ ಅವರ ಸಲಹೆಯಂತೆ ಕಳಿಸುವವರೇ ಮುಂಗಡ ಕೊಡುವ, ತೂಕವನ್ನು ನೋಡುವ ಪದ್ಧತಿ ಬಂತು. ಅದರ ಜೊತೆ ಪೆನ್ನಿ ಬ್ಲ್ಯಾಕ್ ಎಂಬ ಮೊದಲ ಅಂಟುವ ಅಂಚೆಚೀಟಿಯೂ ಬಂತು. ಅದಕ್ಕೆ ಅಂಚಿನ ತೂತುಗಳಿರಲಿಲ್ಲ, ಕತ್ತರಿಯಿಂದ ಕತ್ತರಿಸಬೇಕಿತ್ತು. ಇಲ್ಲೊಂದು ಸೊಗಸಾದ ಕೈಕೆಲಸ ಅಡಗಿದೆ: ಮಕ್ಕಳು ತಮ್ಮದೇ ಚೀಟಿಗಳನ್ನು ಬರೆದು ಬಣ್ಣ ಹಚ್ಚಲಿ, ಆ ಹಾಳೆಯನ್ನು ದಾರ ಪೋಣಿಸದ ಹೊಲಿಗೆ ಯಂತ್ರದಲ್ಲಿ ಓಡಿಸಿದರೆ ತೂತಿನ ಸಾಲು ಬೀಳುತ್ತದೆ. ಯಂತ್ರ ದೊಡ್ಡವರ ಕೈಯಲ್ಲಿರಲಿ. ಆ ಚೀಟಿಗಳನ್ನು ಲಕೋಟೆಯ ಹಿಂಬದಿಗೆ ಅಂಟಿಸಿ, ನಿಜವಾದ ಚೀಟಿಯ ಜಾಗದ ಹತ್ತಿರ ಬೇಡ.

ಲೈಬ್ರರಿ: ನಿನ್ನ ಪುಸ್ತಕದ ಮನೆ ಸಂಖ್ಯೆ ಏನು?

ಎಷ್ಟು ಹೊತ್ತು ಇರುತ್ತೇವೆಂದು ಒಳಗೆ ಹೋಗುವ ಮುಂಚೆಯೇ ಹೇಳಿಬಿಡಿ. ಮುಕ್ಕಾಲು ಗಂಟೆ ಎಂದರೆ ಮುಕ್ಕಾಲು ಗಂಟೆ. ಹೊರಡಲು ಹತ್ತು ನಿಮಿಷ ಇರುವಾಗ ಒಮ್ಮೆ ನೆನಪಿಸಿ.

ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ, ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ದಶಮಾಂಶ ವರ್ಗೀಕರಣ ಪ್ರಪಂಚದ ಬಹಳಷ್ಟು ಲೈಬ್ರರಿಗಳಲ್ಲಿ ಬಳಕೆಯಲ್ಲಿದೆ. 500ರಲ್ಲಿ ವಿಜ್ಞಾನ, 700ರಲ್ಲಿ ಕಲೆ, 900ರಲ್ಲಿ ಇತಿಹಾಸ ಮತ್ತು ಭೂಗೋಳ. ಹಕ್ಕಿಗಳು 598ರಲ್ಲಿ, ಕಾಗದ ಮಡಿಸುವ ಕಲೆ 736ರಲ್ಲಿ. ಮಗು ಕಂಪ್ಯೂಟರಿನಲ್ಲಿ ಸಂಖ್ಯೆ ನೋಡಿ, ಕಪಾಟಿನ ತನಕ ತಾನೇ ಹೋಗಿ ಪುಸ್ತಕ ತರಲಿ. 598.1 ಮೊದಲೋ 598.07 ಮೊದಲೋ ಎಂದು ಕಪಾಟಿನ ಮುಂದೆ ತಡವರಿಸುವ ಮಗುವಿಗೆ ದಶಮಾಂಶ ಅರ್ಥವಾಗುವಷ್ಟು ಚೆನ್ನಾಗಿ ಅಭ್ಯಾಸ ಪುಸ್ತಕದಿಂದ ಅರ್ಥವಾಗುವುದಿಲ್ಲ.

ಸಿಗದಿದ್ದರೆ ಲೈಬ್ರರಿಯವರನ್ನು ಮಗುವೇ ಕೇಳಬೇಕು. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ. ಇನ್ನೊಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಹಾಗಾಗಿ ಮಗು ಕೇಳಿದರೆ ತೊಂದರೆ ಕೊಟ್ಟಂತೆ ಆಗುವುದಿಲ್ಲ, ಆ ಜಾಗ ಇರುವುದೇ ಅದಕ್ಕೆ. ತೆಗೆದುಕೊಳ್ಳುವ ಪುಸ್ತಕಗಳಲ್ಲಿ ಒಂದು, ಮಗು ಇದುವರೆಗೆ ಹೋಗದ ಕಪಾಟಿನದಾಗಿರಲಿ.

ಅಂಗಡಿ: ಕೊನೆಯ ಅಂಕಿ ಯಾಕಿದೆ?

ಚಿಕ್ಕ ಮಗು ಪಟ್ಟಿ ಹಿಡಿದು ಗೀಟು ಹಾಕಲಿ. ಎಂಟೊಂಬತ್ತು ವರ್ಷದವರು ಬೆಲೆಗಳನ್ನು ಹತ್ತಿರದ ಹತ್ತಕ್ಕೆ ತಂದು ಬಾಯಲ್ಲೇ ಕೂಡುತ್ತಾ ಬರಲಿ. ಅದಕ್ಕಿಂತ ದೊಡ್ಡವರ ಕೈಗೆ ಹಣವನ್ನೇ ಕೊಡಿ. ದೊಡ್ಡ ಪೊಟ್ಟಣ ಅಗ್ಗವೋ ಚಿಕ್ಕದೋ ಎಂದು 100 ಗ್ರಾಮಿನ ಲೆಕ್ಕದಲ್ಲಿ ಅವರೇ ನೋಡಲಿ. ಅವರ ತೀರ್ಮಾನ ನಿಮಗೆ ಸರಿ ಕಾಣದಿದ್ದರೂ ಒಪ್ಪಿ, ಇಲ್ಲದಿದ್ದರೆ ಅದು ಜವಾಬ್ದಾರಿ ಆಗುವುದಿಲ್ಲ.

ಮನೆಗೆ ತರಬಹುದಾದ ಪ್ರಶ್ನೆ ಬಾರ್‌ಕೋಡಿನದು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣವನ್ನು ಸ್ಕ್ಯಾನ್ ಮಾಡಿದ್ದು ಇಂದಿನ ಬಾರ್‌ಕೋಡಿನ ಅಂಗಡಿ ಬಳಕೆಗೆ ನಾಂದಿ. ಈಗ ಹೆಚ್ಚಿನ ಸಾಮಾನಿನ ಮೇಲೆ 13 ಅಂಕಿಗಳಿರುತ್ತವೆ. ಪುಸ್ತಕಗಳ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೂಡ ಅಷ್ಟೇ. ಹದಿಮೂರನೆಯದು ಉಳಿದ ಹನ್ನೆರಡನ್ನು ಕಾಯುವ ಅಂಕಿ. ಲೆಕ್ಕ ಹೀಗೆ: 1234567890128 ಎಂದಿಟ್ಟುಕೊಳ್ಳಿ. ಮೊದಲ ಹನ್ನೆರಡರಲ್ಲಿ ಬೆಸ ಸ್ಥಾನದ ಅಂಕಿಗಳನ್ನು ಕೂಡಿ: 1, 3, 5, 7, 9, 1 ಸೇರಿ 26. ಸಮ ಸ್ಥಾನದವು 2, 4, 6, 8, 0, 2 ಸೇರಿ 22. ಇದನ್ನು ಮೂರರಿಂದ ಗುಣಿಸಿದರೆ 66. ಎರಡೂ ಸೇರಿ 92. ಮುಂದಿನ ಹತ್ತರ ಗುಣಕ 100ಕ್ಕೆ ಮುಟ್ಟಲು 8 ಬೇಕು, ಅದೇ ಕೊನೆಯ ಅಂಕಿ. ಒಂದು ಅಂಕಿ ತಪ್ಪಾದರೂ ಈ ಲೆಕ್ಕ ಹಿಡಿದುಬಿಡುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲು ಬದಲಾದಾಗ ಒಂದು ಸಂದರ್ಭದಲ್ಲಿ ಮಾತ್ರ ಮೋಸಹೋಗುತ್ತದೆ: ಅವುಗಳ ನಡುವಿನ ವ್ಯತ್ಯಾಸ 5 ಆಗಿದ್ದರೆ, ಅಂದರೆ 1 ಮತ್ತು 6, 2 ಮತ್ತು 7 ಹೀಗೆ. ಹನ್ನೊಂದು ಹನ್ನೆರಡು ವರ್ಷದವರಿಗೆ ಇದನ್ನು ಹೇಳಬೇಡಿ, ಹುಡುಕಲು ಬಿಡಿ.

ಮನೆಗೆ ಬಂದ ಕೂಡಲೇ ಏನೂ ಶುರುಮಾಡಬೇಡಿ. ಸಾಮಾನು ಎತ್ತಿಡುವುದು, ಊಟ, ಒಂದು ಗಂಟೆ ಸುಮ್ಮನಿರುವುದು. ಯಾರೂ ಯಾರನ್ನೂ ಮಾತನಾಡಿಸದ ಒಂದು ಗಂಟೆ ಅಪ್ಪ ಅಮ್ಮನಿಗೂ ಬೇಕು.

ಮಧ್ಯಾಹ್ನ: ಕಾಗದ ಮಾಡುವುದು

ಸಲಕರಣೆ: ಗಾಜು ತೆಗೆದ, ಒಂದೇ ಅಳತೆಯ ಎರಡು ಹಳೆಯ ಫೋಟೋ ಚೌಕಟ್ಟು, ಒಂದಕ್ಕೆ ಕಿಟಕಿಯ ಸೊಳ್ಳೆ ಜಾಲರಿಯನ್ನು ಬಿಗಿಯಾಗಿ ಎಳೆದು ಪಿನ್ ಹೊಡೆದಿರಬೇಕು. ಚೌಕಟ್ಟು ಮಲಗಿಸಿ ಮುಳುಗಿಸುವಷ್ಟು ದೊಡ್ಡ ಟಬ್ಬು, ಹಳೆಯ ಹತ್ತಿ ಬಟ್ಟೆಗಳು, ಒಂದು ಸ್ಪಂಜು.

ನೆನೆದ ಚೂರುಗಳಲ್ಲಿ ಒಂದು ಹಿಡಿ ತೆಗೆದು, ಧಾರಾಳ ನೀರು ಸೇರಿಸಿ ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ. ಇದು ದೊಡ್ಡವರ ಕೆಲಸ. ಮಿಕ್ಸಿ ಬೇಡವೆಂದರೆ ಮುಚ್ಚಳ ಬಿಗಿದ ಡಬ್ಬದಲ್ಲಿ ಹಾಕಿ ಮಕ್ಕಳು ಕುಲುಕಲಿ. ತಿರುಳು ತರಿತರಿಯಾಗುತ್ತದೆ, ಹಾಳೆಗೂ ಒಂದು ಬೇರೆ ಚಂದ ಬರುತ್ತದೆ. ತಿರುಳನ್ನು ಟಬ್ಬಿನ ನೀರಿಗೆ ಸುರಿದು ಕೈಯಿಂದ ಕಲಕಿ. ನೀರು ತೆಳ್ಳನೆ ಗಂಜಿಯಷ್ಟಿದ್ದರೆ ಹಾಳೆ ಸರಿಯಾಗಿ ಬರುತ್ತದೆ.

ಜಾಲರಿಯ ಚೌಕಟ್ಟಿನ ಮೇಲೆ ಖಾಲಿ ಚೌಕಟ್ಟನ್ನು ಇಟ್ಟು, ಎರಡನ್ನೂ ಒಟ್ಟಿಗೆ ಹಿಡಿದು ಓರೆಯಾಗಿ ನೀರಿಗೆ ಇಳಿಸಿ, ತಳದಲ್ಲಿ ಸಮತಟ್ಟು ಮಾಡಿ, ನೇರವಾಗಿ ಮೇಲೆತ್ತಿ. ನೀರು ಸೋರುತ್ತಿರುವಾಗಲೇ ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲುಗಿಸಿ. ಆಗ ನಾರುಗಳು ಅಡ್ಡಡ್ಡ ಹೆಣೆದುಕೊಳ್ಳುತ್ತವೆ. ಸೋರಿದ ಮೇಲೆ ಅಲುಗಿಸಿದರೆ ಹಾಳೆ ಬಿರುಕು ಬಿಡುತ್ತದೆ. ತೊಟ್ಟಿಕ್ಕುವುದು ನಿಂತಾಗ ಮೇಲಿನ ಚೌಕಟ್ಟು ತೆಗೆದು, ಜಾಲರಿಯನ್ನು ಒದ್ದೆ ಬಟ್ಟೆಯ ಮೇಲೆ ಮಗುಚಿ, ಹಿಂಬದಿಯಿಂದ ಸ್ಪಂಜು ಒತ್ತಿ ನೀರು ಹೀರಿ. ಒಂದು ಅಂಚಿನಿಂದ ನಿಧಾನ ಎತ್ತಿದರೆ ಹಾಳೆ ಬಟ್ಟೆಯ ಮೇಲೆ ಉಳಿಯುತ್ತದೆ.

ಜಾಲರಿಗೇ ಅಂಟಿಕೊಂಡಿತೇ? ಬಟ್ಟೆ ಒಣಗಿದೆ, ಇಲ್ಲವೇ ಸ್ಪಂಜು ಸಾಲದು. ತೂತು ಬಿತ್ತೇ? ತಿರುಳು ತೆಳುವಾಗಿದೆ. ಹಾಳಾದ ಹಾಳೆಯನ್ನು ಮತ್ತೆ ಟಬ್ಬಿಗೇ ತೊಳೆದುಬಿಡಬಹುದು, ಏನೂ ನಷ್ಟವಿಲ್ಲ. ಕೆಟ್ಟ ಚಿತ್ರಕ್ಕೆ ಅಳುವ ಮಕ್ಕಳು ಈ ಕೆಲಸದಲ್ಲಿ ಅಳುವುದಿಲ್ಲ. ನಾನು ಕಾಗದವನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ.

ಹಾಳೆ ಗಟ್ಟಿಯಾಗಲು ಅಂಟು ಬೇಡ. ನೀರು ಆರುತ್ತಾ ಬಂದಂತೆ ಕಾಗದದ ಸೆಲ್ಯುಲೋಸ್ ನಾರುಗಳು ಹತ್ತಿರವಾಗಿ, ಹೈಡ್ರೋಜನ್ ಬಂಧಗಳೆಂಬ ಅಣುಗಳ ನಡುವಿನ ಸೆಳೆತದಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪ್ರತಿ ಸಲ ಅರೆದಾಗಲೂ ನಾರು ಗಿಡ್ಡವಾಗುವುದರಿಂದ ಒಂದೇ ನಾರನ್ನು ಸುಮಾರು ಐದರಿಂದ ಏಳು ಸಲ ಮಾತ್ರ ಮತ್ತೆ ಕಾಗದ ಮಾಡಬಹುದು. ಬಟ್ಟೆಯ ಜೊತೆಗೇ ಒಣಗಲು ಬಿಡಿ, ಒಂದೆರಡು ದಿನ ಬೇಕಾಗುತ್ತದೆ; ಇನ್ನೂ ಸ್ವಲ್ಪ ತೇವವಿರುವಾಗ ಭಾರದ ಪುಸ್ತಕಗಳ ಕೆಳಗಿಟ್ಟರೆ ಸುರುಳಿಯಾಗುವುದಿಲ್ಲ. ಶಾಯಿ ಹರಡದಿರಲು ಟಬ್ಬಿಗೆ ಒಂದೆರಡು ಚಮಚ ಬೇಯಿಸಿದ ಪಿಷ್ಟ ಸೇರಿಸಬಹುದು, ಇಲ್ಲದಿದ್ದರೆ ಪೆನ್ಸಿಲ್ ಬಳಸಿ. ಉಳಿದ ತಿರುಳನ್ನು ಮೋರಿಗೆ ಸುರಿದರೆ ಕಟ್ಟಿಕೊಳ್ಳುತ್ತದೆ. ಸೋಸಿ, ಹಿಂಡಿ, ಉಂಡೆ ಮಾಡಿ ಒಣಗಿಸಿಟ್ಟರೆ ಮುಂದಿನ ಸಲಕ್ಕೆ ಆಯಿತು. ಈ ಹಾಳೆಯಲ್ಲೇ ಮುಂದಿನ ಕಾಗದ, ಮುಂದಿನ ಲಕೋಟೆ. ಕೈಯಲ್ಲಿ ಮಾಡಿದ್ದು ದಪ್ಪವಿರುವುದರಿಂದ 5 ಗ್ರಾಮಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ, ಮಗು ಹೊಸದಾಗಿ ತೂಗಿ ಕಂಡುಕೊಳ್ಳಬೇಕು.

ದಿನ ಹಳಿ ತಪ್ಪಿದರೆ

ಜ್ವರ, ಮಳೆ, ಮುಗಿಯದ ಸರದಿ, ಬೀದಿಯಲ್ಲೇ ಶುರುವಾದ ಜಗಳ. ಮೊದಲು ಕೈಬಿಡಬೇಕಾದದ್ದು ಪ್ರಶ್ನೆ, ಆಮೇಲೆ ಮೂರನೇ ಕೆಲಸ. ಮಧ್ಯಾಹ್ನದ ಕೈಕೆಲಸವನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಿ, ಹತ್ತು ನಿಮಿಷ ಕಾಗದ ಹರಿದರೂ ಸರಿ. ಕೂಸು ಇರುವ ಮನೆಯಲ್ಲಿ ಕೂಸಿನ ನಿದ್ದೆಯೇ ವೇಳಾಪಟ್ಟಿ. ಅದರ ಸುತ್ತ ಒಂದೇ ಹೊರಗಿನ ಕೆಲಸ ಇಟ್ಟುಕೊಳ್ಳಿ.

ಸಂಜೆ: ದಾಖಲೆ

ಮನೆಶಿಕ್ಷಣದ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 50 ರಾಜ್ಯಗಳಲ್ಲೂ ಅದಕ್ಕೆ ಅವಕಾಶವಿದೆ, ಆದರೆ ಏನನ್ನು ದಾಖಲಿಸಬೇಕು ಎಂಬುದು ರಾಜ್ಯಕ್ಕೊಂದು ರೀತಿ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ನಿಮ್ಮಲ್ಲಿ ಯಾರೂ ಕೇಳದಿದ್ದರೂ ದಾಖಲೆ ಇಡಿ. ಎಂಟು ಪುಟದ ಪುಸ್ತಕದ ಹಿಂದೆ ದಿನಾಂಕ, ಹೋದ ಜಾಗಗಳು, ಅಂದಿನ ಪ್ರಶ್ನೆ, ಮಾಡಿದ ವಸ್ತು ಇಷ್ಟನ್ನು ಬರೆದು ಒಂದು ರಟ್ಟಿನ ಡಬ್ಬಿಗೆ ಹಾಕಿ. ಕೆಳಗೆ ನಿಮ್ಮ ಕೈಯಲ್ಲಿ ಒಂದೇ ಸಾಲು: ಇವತ್ತು ಮಗು ತಾನಾಗಿ ಕೇಳಿದ್ದು ಏನು. ತಿಂಗಳ ಕೊನೆಗೆ ಈ ಸಾಲುಗಳನ್ನು ಒಟ್ಟಿಗೆ ಓದಿ, ಮುಂದಿನ ತಿಂಗಳ ಪ್ರಶ್ನೆಗಳನ್ನು ಅವುಗಳಿಂದಲೇ ಆರಿಸಿ. ಫೋಟೋ ತೆಗೆಯುವುದಾದರೆ ಮುಗಿದ ವಸ್ತುವಿನ ಜೊತೆ ಅರ್ಧ ಆದಾಗಿನದನ್ನೂ ತೆಗೆಯಿರಿ. ಮಗು ಏನು ಮಾಡುತ್ತಿತ್ತು ಎಂದು ವರ್ಷದ ಮೇಲೆ ಯಾರಿಗಾದರೂ ವಿವರಿಸಬೇಕಾಗಿ ಬಂದರೆ ಕೆಲಸಕ್ಕೆ ಬರುವುದು ಆ ಅರ್ಧದ್ದೇ.